ಉಸಿರಾಟದ ವೈಫಲ್ಯ: ಅಂಕಿ ಹೇಳುವುದೂ ಹೇಳದಿರುವುದೂ



2021ರ ಬೇಸಿಗೆಯಲ್ಲಿ ಕೋವಿಡ್‌ನ ಎರಡನೆಯ ಅಲೆ ಬಂದಾಗ ನಮ್ಮ ತೊಂಡೇಬಾವಿ ಹೋಬಳಿಯ ಹಲವು ಕುಟುಂಬಗಳು ಗೌರಿಬಿದನೂರು, ಚಿಕ್ಕಬಳ್ಳಾಪುರ, ಬೆಂಗಳೂರಿನ ಆಸ್ಪತ್ರೆಗಳ ಹೊರಗೆ ಕುಳಿತು ದೂರವಾಣಿಯಲ್ಲಿ ನಮ್ಮನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಡಾಕ್ಟ್ರೇ, ನಮ್ಮವರು ಉಳೀತಾರಾ?"

ಈ ಪ್ರಶ್ನೆ ಹಳೆಯದು. ಚರಕಸಂಹಿತೆಯ ಇಂದ್ರಿಯಸ್ಥಾನದ ಹನ್ನೆರಡು ಅಧ್ಯಾಯಗಳು ಮರಣಸೂಚಕವಾದ ಅರಿಷ್ಟಲಕ್ಷಣಗಳಿಗೇ ಮೀಸಲಾಗಿವೆ. ಐದು ಬಗೆಯ ಶ್ವಾಸರೋಗಗಳಲ್ಲಿ ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸಗಳನ್ನು ಆಚಾರ್ಯರು ಅಸಾಧ್ಯವೆಂದರು. ಆ ಕಾಲದಲ್ಲಿ ಆಮ್ಲಜನಕವಾಗಲಿ ವೆಂಟಿಲೇಟರ್ ಆಗಲಿ ಇರಲಿಲ್ಲವೆಂಬುದನ್ನು ನಾವು ಮರೆಯಬಾರದು.

ಇಂದಿನ ವೈದ್ಯರು ಅಳತೆಯಿಂದ ಅಂದಾಜು ಮಾಡುತ್ತಾರೆ. ರಕ್ತದಲ್ಲಿನ ಆಮ್ಲಜನಕದ ಒತ್ತಡವನ್ನು, ರೋಗಿ ಸೇವಿಸುವ ಗಾಳಿಯಲ್ಲಿನ ಆಮ್ಲಜನಕದ ಪ್ರಮಾಣದಿಂದ ಭಾಗಿಸುತ್ತಾರೆ. ಆರೋಗ್ಯವಂತರಲ್ಲಿ ಈ ಅಂಕಿ 400ಕ್ಕಿಂತ ಹೆಚ್ಚು. ಅದು 100 ಅಥವಾ ಅದಕ್ಕಿಂತ ಕೆಳಗಿಳಿದರೆ ಶ್ವಾಸಕೋಶದ ವೈಫಲ್ಯ ತೀವ್ರವೆಂದು 2012ರ ಬರ್ಲಿನ್ ವ್ಯಾಖ್ಯೆ ಹೇಳುತ್ತದೆ. ಆ ವ್ಯಾಖ್ಯೆಯನ್ನು ಪರೀಕ್ಷಿಸಿದ ರೋಗಿಗಳಲ್ಲಿ, ತೀವ್ರ ಗುಂಪಿನವರ ಪೈಕಿ ಶೇ. 45ರಷ್ಟು ಮಂದಿ ತೀರಿಕೊಂಡಿದ್ದರು. ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿದಿದ್ದರು! ಇದಲ್ಲದೆ ಶ್ವಾಸಕೋಶ, ರಕ್ತ, ಯಕೃತ್ತು, ಹೃದಯ ಮತ್ತು ರಕ್ತದೊತ್ತಡ, ಮೆದುಳು, ಮೂತ್ರಪಿಂಡ ಈ ಆರಕ್ಕೂ 0ರಿಂದ 4ರವರೆಗೆ ಅಂಕ ಕೊಡುವ 'ಸೋಫಾ' ಎಂಬ ಪದ್ಧತಿಯೂ ಇದೆ. ಅಂಕ ಏರಿದಷ್ಟೂ ಅಪಾಯ ಹೆಚ್ಚು.

ಆದರೆ ಈ ಅಂಕಿಗಳು ಗುಂಪಿನ ಮಾತನ್ನು ಹೇಳುತ್ತವೆ, ಒಬ್ಬನ ಆಯುಷ್ಯವನ್ನಲ್ಲ. ನಾವು ಬಲ್ಲ ಇಬ್ಬರು ರೈತರು ಒಂದೇ ವಾರ್ಡಿನಲ್ಲಿದ್ದರು; ಇಬ್ಬರ ಅಂಕಿಯೂ ಹೆಚ್ಚುಕಡಿಮೆ ಒಂದೇ. ಒಬ್ಬರು ಇಂದು ರಾಗಿ ಹೊಲದಲ್ಲಿದ್ದಾರೆ, ಇನ್ನೊಬ್ಬರು ಮರಳಲಿಲ್ಲ. ಉಳಿದವರ ಮನೆಯವರು ಎರಡನೆಯ ದಿನವೇ "ಊರಿಗೆ ಕರೆದೊಯ್ಯುತ್ತೇವೆ" ಎಂದಿದ್ದರು. "ಇನ್ನೆರಡು ದಿನದ ಅಂಕ ನೋಡಿ" ಎಂದು ನಾವು ತಡೆದೆವು. ಮೊದಲ ದಿನದ ಅಂಕಕ್ಕಿಂತ ಅದು ದಿನದಿಂದ ದಿನಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಹೆಚ್ಚು ತಿಳಿಸುತ್ತದೆ.

ಚಿಕಿತ್ಸೆಯೂ ಅಂಕಿಯನ್ನು ಬದಲಿಸುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವೆಂಟಿಲೇಟರ್ ಮೇಲಿದ್ದ ತೀವ್ರ ರೋಗಿಗಳನ್ನು ದಿನಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದಾಗ, 28 ದಿನಗಳ ಮರಣ ಶೇ. 33ರಿಂದ 16ಕ್ಕೆ ಇಳಿಯಿತು.

ಆದುದರಿಂದ ವೈದ್ಯರನ್ನು "ಉಳಿಯುವರೇ?" ಎಂದಷ್ಟೇ ಕೇಳದೆ, "ನಿನ್ನೆಗಿಂತ ಇಂದು ಹೇಗಿದ್ದಾರೆ? ಎಷ್ಟು ಅಂಗಗಳು ಸೋತಿವೆ? ಇನ್ನು ಮಾಡಬಹುದಾದುದೇನು?" ಎಂದು ಕೇಳಬೇಕು. ಎಲ್ಲ ಪ್ರಯತ್ನದ ನಂತರವೂ ಸ್ಥಿತಿ ಕುಸಿಯುತ್ತಲೇ ಇದ್ದರೆ, ರೋಗಿಯ ನೋವು ಕಡಿಮೆ ಮಾಡುವುದೇ ಚಿಕಿತ್ಸೆ. ಅದನ್ನು ಒಪ್ಪುವುದು ಕೈಬಿಟ್ಟಂತಲ್ಲ.

ಮನೆಯಲ್ಲಿ ಯಾರಿಗಾದರೂ ಕುಳಿತಲ್ಲೇ ಏದುಸಿರು, ಒಂದು ವಾಕ್ಯ ಮುಗಿಸಲಾಗದ ಸ್ಥಿತಿ, ತುಟಿ ನೀಲಿಗಟ್ಟುವಿಕೆ ಅಥವಾ ಗೊಂದಲದ ಮಾತು ಕಂಡರೆ ಕಷಾಯ, ಲೇಹ್ಯಗಳಲ್ಲಿ ಕಾಲ ಕಳೆಯದೆ ಕೂಡಲೇ 108ಕ್ಕೆ ಕರೆಮಾಡಿರಿ. ಆಯುರ್ವೇದ ವೈದ್ಯರಾಗಿಯೇ ನಾವು ಈ ಮಾತನ್ನು ಹೇಳುತ್ತಿದ್ದೇವೆ.