ವಿದ್ಯುತ್ ನಕ್ಷೆ ತಯಾರಿಕೆಯಲ್ಲಿ ಕಂಪ್ಯೂಟರ್ ಸಂಕೇತ ಸಂಗ್ರಹಗಳ ಬಳಕೆ: ಅರ್ಜಿದಾರರಿಗೆ ಮಾಹಿತಿ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ, ಅಂದರೆ ಹೆಸ್ಕಾಂನ ವ್ಯಾಪ್ತಿಗೆ ಒಳಪಟ್ಟಿವೆ. ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳು, ಮುಧೋಳ ಮತ್ತು ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಗಳು ಹಾಗೂ ಆಲೆಮನೆಗಳು, ಕೃಷ್ಣಾ ಮತ್ತು ಘಟಪ್ರಭಾ ನದಿಗಳ ದಂಡೆಯ ಪಂಪುಗಳು ಇವೆಲ್ಲವೂ ವಿದ್ಯುತ್ತನ್ನೇ ಅವಲಂಬಿಸಿವೆ. ಹೈಟೆನ್ಷನ್ ಸಂಪರ್ಕ, ಸ್ವಂತ ಪರಿವರ್ತಕ, ಜನರೇಟರ್ ಮುಂತಾದವುಗಳ ಅಳವಡಿಕೆಯಲ್ಲಿ ವಿದ್ಯುತ್ ನಕ್ಷೆಯು ಮುಖ್ಯ ದಾಖಲೆಯಾಗಿರುತ್ತದೆ. ಇಂದು ಈ ನಕ್ಷೆಗಳನ್ನು ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿಯೇ ರಚಿಸಲಾಗುತ್ತಿದೆ. ಅಂತಹ ನಕ್ಷೆಯನ್ನು ಮಾಡಿಸುವಾಗ ಅರ್ಜಿದಾರರು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಸಂಕೇತ ಸಂಗ್ರಹ ಎಂದರೇನು?

ಪರಿವರ್ತಕ, ಸ್ವಿಚ್ಚು, ಫ್ಯೂಸು, ಮೋಟಾರು, ಮೀಟರು ಮುಂತಾದ ಪ್ರತಿಯೊಂದು ಉಪಕರಣಕ್ಕೂ ನಿಶ್ಚಿತ ಚಿಹ್ನೆಯೊಂದಿದೆ. ಈ ಚಿಹ್ನೆಗಳನ್ನು ಒಮ್ಮೆ ರಚಿಸಿ, ಬೇಕಾದಾಗ ನಕ್ಷೆಗೆ ಸೇರಿಸಿಕೊಳ್ಳುವಂತೆ ಕಂಪ್ಯೂಟರಿನಲ್ಲಿ ಶೇಖರಿಸಿಡುವುದೇ ಸಂಕೇತ ಸಂಗ್ರಹ. ಆಟೋಕ್ಯಾಡ್ ತಂತ್ರಾಂಶದಲ್ಲಿ ಇಂತಹ ಪ್ರತಿಯೊಂದು ಚಿಹ್ನೆಯನ್ನು ಬ್ಲಾಕ್ ಎಂದು ಕರೆಯಲಾಗುತ್ತದೆ. ಉಚಿತವಾಗಿ ದೊರೆಯುವ ಲಿಬ್ರೆಕ್ಯಾಡ್ ಮತ್ತು ಕ್ಯೂಇಲೆಕ್ಟ್ರೋಟೆಕ್ ತಂತ್ರಾಂಶಗಳಲ್ಲಿಯೂ ಈ ಸೌಲಭ್ಯವಿದೆ. ಆದುದರಿಂದ ಸಣ್ಣ ಘಟಕದವರು ನಕ್ಷೆಗಾಗಿ ದುಬಾರಿ ತಂತ್ರಾಂಶವನ್ನೇ ಕೊಳ್ಳಬೇಕೆಂದಿಲ್ಲ.

2. ಯಾವ ಪದ್ಧತಿಯ ಸಂಕೇತಗಳು?

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದು ಇಲ್ಲಿಯೇ. ತಂತ್ರಾಂಶಗಳೊಂದಿಗೆ ಹಲವು ಬಾರಿ ಅಮೆರಿಕದ ಪದ್ಧತಿಯ ಹಾಗೂ ಅಂತರರಾಷ್ಟ್ರೀಯ ಐಇಸಿ 60617 ಪದ್ಧತಿಯ ಸಂಗ್ರಹಗಳೆರಡೂ ದೊರೆಯುತ್ತವೆ. ಭಾರತೀಯ ಮಾನಕ ಐಎಸ್ 12032 ಐಇಸಿ ಪದ್ಧತಿಯನ್ನು ಅನುಸರಿಸುತ್ತದೆ. ಎರಡೂ ಪದ್ಧತಿಗಳನ್ನು ಒಂದೇ ನಕ್ಷೆಯಲ್ಲಿ ಬೆರೆಸಿದರೆ ಒಂದೇ ಗುರುತಿಗೆ ಎರಡು ಅರ್ಥ ಬರುತ್ತದೆ.

ಉದಾಹರಣೆಗೆ, ತಂತಿಗೆ ಅಡ್ಡಲಾಗಿ ಎಳೆದ ಎರಡು ಸಮಾನಾಂತರ ಗೆರೆಗಳು ಐಇಸಿ ಪದ್ಧತಿಯಲ್ಲಿ ಕೆಪ್ಯಾಸಿಟರನ್ನು ಸೂಚಿಸುತ್ತವೆ. ಅಮೆರಿಕದ ನಿಯಂತ್ರಣ ನಕ್ಷೆಗಳಲ್ಲಿ ಅವೇ ಗೆರೆಗಳು ಕಾಂಟ್ಯಾಕ್ಟರಿನ ತೆರೆದ ಸಂಪರ್ಕಬಿಂದುವನ್ನು ಸೂಚಿಸುತ್ತವೆ. ಮೋಟಾರುಗಳ ಪವರ್ ಫ್ಯಾಕ್ಟರ್ ಸುಧಾರಣೆಗಾಗಿ ಕೆಪ್ಯಾಸಿಟರುಗಳನ್ನು ಅಳವಡಿಸುವುದು ವಾಡಿಕೆ. ಸರಬರಾಜು ನಿಲ್ಲಿಸಿದ ನಂತರವೂ ಕೆಪ್ಯಾಸಿಟರಿನಲ್ಲಿ ವಿದ್ಯುದಂಶ ಉಳಿದಿರಬಹುದು. ಅದನ್ನು ಕೇವಲ ಸಂಪರ್ಕಬಿಂದುವೆಂದು ಓದಿಕೊಂಡು, ವಿಸರ್ಜನೆ ಮಾಡದೆ ಕೈಹಾಕಿದ ಕೆಲಸಗಾರನು ಅಪಾಯಕ್ಕೆ ಸಿಲುಕುತ್ತಾನೆ.

ಇನ್ನೊಂದು ಉದಾಹರಣೆ ಬ್ರೇಕರ್ ಮತ್ತು ಐಸೊಲೇಟರುಗಳದು. ಐಇಸಿ ಪದ್ಧತಿಯಲ್ಲಿ ಎರಡರ ಮೂಲ ಆಕೃತಿಯೂ ಒಂದೇ ಆಗಿದ್ದು, ಸ್ಥಿರ ಸಂಪರ್ಕದ ತುದಿಯ ಗುರುತು ಮಾತ್ರ ಬೇರೆಯಾಗಿರುತ್ತದೆ. ಬ್ರೇಕರಿಗೆ ಗುಣಾಕಾರದ ಚಿಹ್ನೆ, ಐಸೊಲೇಟರಿಗೆ ಸಣ್ಣ ಅಡ್ಡಗೆರೆ. ಬ್ರೇಕರನ್ನು ಲೋಡ್ ಹರಿಯುತ್ತಿರುವಾಗಲೂ ತೆರೆಯಬಹುದು. ಸಾಮಾನ್ಯ ಐಸೊಲೇಟರನ್ನು ಹಾಗೆ ತೆರೆದರೆ ಬೆಂಕಿಯ ಕಿಡಿ ಎದ್ದು, ತೆರೆದವರ ಜೀವಕ್ಕೇ ಕುತ್ತು ಬರಬಹುದು. ಲೆಕ್ಕಪುಸ್ತಕದಲ್ಲಿ ಜಮೆಯನ್ನು ಖರ್ಚಿನ ಕಡೆಗೆ ಬರೆದರೆ ಮುಂದೆ ತಿದ್ದಲು ಅವಕಾಶವುಂಟು. ಇಲ್ಲಿ ಆ ಅವಕಾಶವಿರುವುದಿಲ್ಲ.

3. ಸಂಕೇತಗಳನ್ನು ಸಿದ್ಧಪಡಿಸುವ ಕ್ರಮ

ಅ) ಆಟೋಕ್ಯಾಡಿನಲ್ಲಿ ಚಿಹ್ನೆಯನ್ನು '0' ಎಂಬ ಪದರದ ಮೇಲೆ ರಚಿಸುವುದು ಸೂಕ್ತ. ಆಗ ಅದು ತಾನು ಸೇರುವ ಪದರದ ಬಣ್ಣ ಮತ್ತು ಗೆರೆಯನ್ನೇ ಪಡೆಯುವಂತೆ ಮಾಡಬಹುದು.

ಆ) ತಂತಿ ಬಂದು ಸೇರುವ ತುದಿಯನ್ನೇ ಚಿಹ್ನೆಯ ಆಧಾರಬಿಂದುವನ್ನಾಗಿ ಆಯ್ದುಕೊಳ್ಳತಕ್ಕದ್ದು. ಇಲ್ಲವಾದರೆ ತಂತಿಗೂ ಚಿಹ್ನೆಗೂ ನಡುವೆ ಅಂತರ ಉಳಿದು, ಮಂಡಲವು ತುಂಡಾದಂತೆ ಕಾಣುತ್ತದೆ.

ಇ) ಅಳತೆಯ ಘಟಕವನ್ನು ಮಿಲಿಮೀಟರಿನಲ್ಲಿ ನಿಗದಿಪಡಿಸತಕ್ಕದ್ದು. ಅಂಗುಲದಲ್ಲಿ ರಚಿತವಾದ ಚಿಹ್ನೆಯನ್ನು ಘಟಕ ಹೊಂದಿಸದೆ ಸೇರಿಸಿದರೆ ಗಾತ್ರದಲ್ಲಿ 25.4 ಪಟ್ಟು ವ್ಯತ್ಯಾಸವಾಗುತ್ತದೆ.

ಈ) ಅಶ್ವಶಕ್ತಿ, ಆಂಪೇರ್, ವೋಲ್ಟ್ ಮುಂತಾದ ವಿವರಗಳನ್ನು ಬಿಡಿ ಅಕ್ಷರಗಳಾಗಿ ಬರೆಯದೆ, ಚಿಹ್ನೆಯ ಆಟ್ರಿಬ್ಯೂಟ್ ಆಗಿ ದಾಖಲಿಸುವುದು ಉತ್ತಮ. ಚಿಹ್ನೆಯನ್ನು ಎಕ್ಸ್‌ಪ್ಲೋಡ್ ಆಜ್ಞೆಯಿಂದ ಬಿಡಿಸಿದರೆ ಹೀಗೆ ದಾಖಲಿಸಿದ ವಿವರಗಳು ಅಳಿದುಹೋಗುತ್ತವೆ ಎಂಬುದನ್ನು ಗಮನಿಸುವುದು.

4. ಲೋಡ್ ಪಟ್ಟಿಗೆ ಆಗುವ ಅನುಕೂಲ

ವಿವರಗಳನ್ನು ಮೇಲ್ಕಂಡಂತೆ ದಾಖಲಿಸಿದಲ್ಲಿ ನಕ್ಷೆಯಲ್ಲಿರುವ ಮೋಟಾರುಗಳ ಪಟ್ಟಿಯನ್ನು ಆಟೋಕ್ಯಾಡ್ ತಂತ್ರಾಂಶದಿಂದಲೇ ಪಡೆಯಬಹುದು. ಒಂದು ಅಶ್ವಶಕ್ತಿಯು 0.746 ಕಿಲೋವ್ಯಾಟಿಗೆ ಸಮ. ತಲಾ 1 ಅಶ್ವಶಕ್ತಿಯ 8 ಮಗ್ಗಗಳಿರುವ ಶೆಡ್ಡಿನಲ್ಲಿ ಮೋಟಾರುಗಳ ಒಟ್ಟು ಲೋಡ್ 5.968 ಕಿಲೋವ್ಯಾಟ್ ಆಗುತ್ತದೆ. ನಕ್ಷೆಯ ಪಟ್ಟಿಗೂ ಅರ್ಜಿಯಲ್ಲಿ ನಮೂದಿಸಿದ ಲೋಡಿಗೂ ತಾಳೆಯಾಗುವುದೇ ಎಂಬುದನ್ನು ಅರ್ಜಿದಾರರು ತಾವೇ ನೋಡಿಕೊಳ್ಳಬಹುದು. ಇದಕ್ಕೆ ತಾಂತ್ರಿಕ ಶಿಕ್ಷಣದ ಅಗತ್ಯವಿಲ್ಲ.

5. ಸಂಕೇತದ ಮಿತಿ

ಸಂಕೇತವು ಉಪಕರಣದ ಹೆಸರನ್ನು ಹೇಳುತ್ತದೆಯೇ ಹೊರತು ಅದರ ಗಾತ್ರವನ್ನು ಹೇಳುವುದಿಲ್ಲ. ಒಂದೇ ಗೆರೆಯ ನಕ್ಷೆಯಲ್ಲಿ ಪರಿವರ್ತಕವು ಒಂದನ್ನೊಂದು ಕೂಡಿದ ಎರಡು ವೃತ್ತಗಳು ಮಾತ್ರ. ಆದರೆ ಸ್ಥಳ ವಿನ್ಯಾಸದ ನಕ್ಷೆಯಲ್ಲಿ ಪರಿವರ್ತಕ, ಬೇಲಿ, ಗೋಡೆ ಮತ್ತು ದಾರಿಗಳ ನಡುವಿನ ಅಂತರವನ್ನು ನಿಜವಾದ ಅಳತೆಯೊಂದಿಗೆ ತೋರಿಸತಕ್ಕದ್ದು.

ಭೂಸಂಪರ್ಕದ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಗಳನ್ನು 2010ರಲ್ಲಿ ಹೊರಡಿಸಲಾಗಿದ್ದು, 2023ರಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಾವಳಿಗಳು ಬಂದಿವೆ. ಸ್ಥಿರ ಮೋಟಾರು ಮತ್ತು ಜನರೇಟರುಗಳ ಲೋಹದ ಕವಚಕ್ಕೆ ಎರಡು ಪ್ರತ್ಯೇಕ ಭೂಸಂಪರ್ಕಗಳಿರಬೇಕೆಂಬುದು ಪಾಲಿಸಬೇಕಾದ ಸುರಕ್ಷತಾ ಕ್ರಮ. ಸಂಗ್ರಹದಿಂದ ತೆಗೆದ ಒಂದು ಭೂಸಂಪರ್ಕದ ಚಿಹ್ನೆಯನ್ನಷ್ಟೇ ಹಾಕಿದರೆ ನಕ್ಷೆ ಅಂದವಾಗಿ ಕಂಡರೂ ಅಪೂರ್ಣವಾಗಿರುತ್ತದೆ.

6. ನಕ್ಷೆಯನ್ನು ಸಲ್ಲಿಸುವ ಮುನ್ನ

ಅ) ನಕ್ಷೆಯ ಮೂಲೆಯಲ್ಲಿ ಸಂಕೇತಗಳ ವಿವರ ಪಟ್ಟಿ ಇರುವುದೇ?

ಆ) ಪಟ್ಟಿಯಲ್ಲಿಲ್ಲದ ಚಿಹ್ನೆ ನಕ್ಷೆಯಲ್ಲಿ ಬಂದಿರುವುದೇ?

ಇ) ಕೆಂಪು, ಹಳದಿ, ನೀಲಿ ಫೇಸುಗಳನ್ನು ಬಣ್ಣದಿಂದ ಮಾತ್ರವಲ್ಲದೆ ಅಕ್ಷರಗಳಿಂದಲೂ ಗುರುತಿಸಲಾಗಿದೆಯೇ? ಕಪ್ಪು-ಬಿಳುಪು ನಕಲಿನಲ್ಲಿ ಬಣ್ಣ ಉಳಿಯುವುದಿಲ್ಲ.

ಈ) ಕನ್ನಡದ ಬರಹವು ಯೂನಿಕೋಡ್ ಅಕ್ಷರಗಳಲ್ಲಿದೆಯೇ? ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬರೆದದ್ದು, ಆ ಅಕ್ಷರವಿಲ್ಲದ ಕಂಪ್ಯೂಟರಿನಲ್ಲಿ ಓದಲು ಬಾರದ ಗುರುತುಗಳಾಗಿ ಕಾಣುತ್ತದೆ. ಮೂಲ ಕಡತದೊಂದಿಗೆ ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಳ್ಳುವುದು ಕ್ಷೇಮ.

ಉ) ಹಳೆಯ ನಕ್ಷೆಯನ್ನು ನಕಲು ಮಾಡಿದ್ದಲ್ಲಿ ಹಿಂದಿನ ಘಟಕದ ಉಪಕರಣಗಳು ಹಾಗೆಯೇ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಲಾಗಿದೆಯೇ?

ಸಂಕೇತ ಸಂಗ್ರಹವು ಕೈಕೆಲಸವನ್ನು ಕಡಿಮೆ ಮಾಡುತ್ತದೆ, ಜವಾಬ್ದಾರಿಯನ್ನು ಕಡಿಮೆ ಮಾಡುವುದಿಲ್ಲ. ವಿದ್ಯುತ್ ಕಾಮಗಾರಿಯನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಕಚೇರಿಯಲ್ಲಿ ಅನುಮೋದನೆಗೊಂಡ ಮೇಲೂ ನಕ್ಷೆಯ ಕೆಲಸ ಮುಗಿಯುವುದಿಲ್ಲ. ಮುಂದೊಂದು ರಾತ್ರಿ ಶೆಡ್ಡಿನಲ್ಲಿ ವಿದ್ಯುತ್ ದೋಷ ಉಂಟಾದಾಗ, ಯಾವ ಸ್ವಿಚ್ಚನ್ನು ಮೊದಲು ತೆರೆಯಬೇಕೆಂದು ಅದನ್ನೇ ನೋಡಿ ತಿಳಿಯಬೇಕಾಗುತ್ತದೆ. ಆದುದರಿಂದ ಅನುಮೋದಿತ ನಕ್ಷೆಯ ಒಂದು ಪ್ರತಿಯನ್ನು ಮುಖ್ಯ ಸ್ವಿಚ್‌ಬೋರ್ಡಿನ ಬಳಿ ಎಲ್ಲರಿಗೂ ಕಾಣುವಂತೆ ಇರಿಸಿ ಸಹಕರಿಸಬೇಕಾಗಿ ಕೋರಲಾಗಿದೆ.