ಬೆಳಗುವ ಕಲ್ಲೆಲ್ಲ ವಿಕಿರಣ ಸೂಸುವುದಿಲ್ಲ

ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯ ಅಟೋಲಿಯಾ ಹಳೆಯ ಟಂಗ್‌ಸ್ಟನ್ ಗಣಿಗಳ ಜಾಗ. ಇಂಥ ಕಡೆ ರಾತ್ರಿ ಅತಿನೇರಳೆ ದೀಪ ಹಿಡಿದು ಕಲ್ಲು ಹುಡುಕುವವರಿದ್ದಾರೆ. ಹಗಲಲ್ಲಿ ಮಂಕಾಗಿ ಬಿದ್ದಿರುವ ಷೀಲೈಟ್, ಆ ಬೆಳಕು ತಾಕಿದೊಡನೆ ತಿಳಿನೀಲಿಯಾಗಿ ಬೆಳಗುತ್ತದೆ. ನಮ್ಮ ಕೋಲಾರದ ಚಿನ್ನದ ಅದಿರಿನಲ್ಲೂ ಇರುವ ಖನಿಜ ಇದು. ಆದರೆ ಅದರ ಚಿತ್ರ ತೋರಿಸಿದರೆ ಸಾಕು, “ಮುಟ್ಟಬೇಡಿ, ವಿಕಿರಣ ಇರುತ್ತೆ!” ಎನ್ನುತ್ತಾರೆ.

ಇದು ಶುದ್ಧ ತಪ್ಪು. ಷೀಲೈಟ್ ಎಂದರೆ ಕ್ಯಾಲ್ಸಿಯಂ ಟಂಗ್‌ಸ್ಟೇಟ್. ಅದರಲ್ಲಿ ಯುರೇನಿಯಂ ಇಲ್ಲ. ದೀಪದ ಶಕ್ತಿಯನ್ನು ಹೀರಿದ ಎಲೆಕ್ಟ್ರಾನುಗಳು ಅದರ ಒಂದು ಪಾಲನ್ನು ಕಣ್ಣಿಗೆ ಕಾಣುವ ಬೆಳಕಾಗಿ ಬಿಟ್ಟುಕೊಡುತ್ತವೆ, ಅಷ್ಟೇ. ವಿಕಿರಣ ಹೊರಡುವುದು ಪರಮಾಣುವಿನ ನ್ಯೂಕ್ಲಿಯಸ್ಸಿನಿಂದ; ಅದಕ್ಕೆ ದೀಪ ಹಚ್ಚಿದರೂ ಒಂದೇ, ಆರಿಸಿದರೂ ಒಂದೇ. ಕ್ಯಾಲ್ಸೈಟ್ ಕೆಂಪಾಗಿ, ವಿಲೆಮೈಟ್ ಹಸಿರಾಗಿ ಹೊಳೆಯುವುದು ಚೂರುಪಾರು ಮ್ಯಾಂಗನೀಸ್‌ನಿಂದ. ಮರುಭೂಮಿಯ ಚೇಳೂ ಇದೇ ದೀಪಕ್ಕೆ ಹೊಳೆಯುತ್ತದೆ. ಅದರೊಳಗೆ ಯುರೇನಿಯಂ ಇದೆಯೇ?

ಆಟುನೈಟಿನಂಥ ಕೆಲವು ಯುರೇನಿಯಂ ಖನಿಜಗಳು ಹಳದಿ ಹಸಿರಾಗಿ ಹೊಳೆಯುವುದು ನಿಜ. ಅಲ್ಲೂ ಬೆಳಕು ಕೊಡುವುದು ಯುರೇನಿಯಂ ಆಮ್ಲಜನಕದೊಂದಿಗೆ ಬೆಸೆದುಕೊಂಡಿರುವ ರೀತಿ, ಅದರ ವಿಕಿರಣವಲ್ಲ. ಯುರೇನಿಯಂ ತುಂಬಿದ ಪಿಚ್‌ಬ್ಲೆಂಡ್ ಅದೇ ದೀಪದ ಕೆಳಗೆ ಕಪ್ಪಗೆ ಸುಮ್ಮನಿರುತ್ತದೆ. ನನ್ನನ್ನು ಕೆರಳಿಸುವುದು ಇದೇ: ಈ ನಂಬಿಕೆ ನಿರುಪದ್ರವಿಯಲ್ಲ. ಹೊಳೆದದ್ದಕ್ಕೆ ಹೆದರಿದವರು, ಹೊಳೆಯದ ಕರಿಕಲ್ಲನ್ನು ನಿಶ್ಚಿಂತೆಯಿಂದ ಜೇಬಿಗೆ ಹಾಕಿಕೊಳ್ಳುತ್ತಾರೆ.

ಹೊಳಪಿಗೂ ಕಣ್ಣಿಗೆ ಕಾಣದ ಕಿರಣಗಳಿಗೂ ನಂಟಿರಬೇಕೆಂದು 1896ರಲ್ಲಿ ಭೌತವಿಜ್ಞಾನಿ ಹೆನ್ರಿ ಬೆಕೆರಲ್ ಕೂಡ ಊಹಿಸಿದ್ದರು. ಆದರೆ ಬಿಸಿಲಿಲ್ಲದ ದಿನಗಳಲ್ಲಿ ಎತ್ತಿಟ್ಟಿದ್ದ ಯುರೇನಿಯಂ ಲವಣ ಕತ್ತಲಲ್ಲೇ ಛಾಯಾಫಲಕವನ್ನು ಕಪ್ಪಾಗಿಸಿತ್ತು. ಹೊಳೆಯದ ಯುರೇನಿಯಂ ಲೋಹವೂ ಅದೇ ಕಿರಣ ಸೂಸುವುದನ್ನು ಅದೇ ವರ್ಷ ಅವರೇ ಕಂಡರು; ಊಹೆ ಅಲ್ಲಿಗೇ ಬಿದ್ದುಹೋಯಿತು. ನಾವಿನ್ನೂ ಅದನ್ನು ಬಿಟ್ಟಿಲ್ಲ.

ಉಳಿದ ತಪ್ಪುನಂಬಿಕೆಗಳು ಚುಟುಕಾಗಿ. ಅಗ್ಗದ 395 ನ್ಯಾನೊಮೀಟರ್ ಟಾರ್ಚಿನಲ್ಲಿ ಎಲ್ಲವೂ ಕಾಣುತ್ತದೆಯೇ? ಷೀಲೈಟಿಗೆ 254ರ ಆಸುಪಾಸಿನ ಕಿರುತರಂಗ ಬೇಕು, ಜೊತೆಗೆ ಕಣ್ಣಿಗೆ ರಕ್ಷಣೆಯ ಕನ್ನಡಕವೂ. ಒಳ್ಳೆಯ ಕಲ್ಲು ಸುರಂಗದೊಳಗೇ ಇರುತ್ತದೆಯೇ? ಹೊರಗಿನ ತ್ಯಾಜ್ಯದ ಗುಡ್ಡೆಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಪಾಳುಗಣಿಯೊಳಗೆ ಇರುವುದು ಕುಸಿಯುವ ಚಾವಣಿ, ಕಾಣದ ಗುಂಡಿ, ಉಸಿರುಗಟ್ಟಿಸುವ ಗಾಳಿ. ಹೆಚ್ಚು ಹೊಳೆದರೆ ಹೆಚ್ಚು ಬೆಲೆಯೇ? ಅಲ್ಲ.

ಸಿನಿಮಾದ ಹಸಿರು ಹೊಳಪನ್ನೇ ಪಾಠವೆಂದು ನಂಬುವವರು, ಸಂದೇಹ ಬಂದಾಗ ವಿಕಿರಣ ಅಳೆಯುವ ಗೈಗರ್ ಕೌಂಟರ್ ಕೇಳುವುದಿಲ್ಲ. ‘ಮುಟ್ಟಬೇಡಿ’ ಎಂಬ ಸಂದೇಶವನ್ನು ನಾಲ್ಕು ಜನಕ್ಕೆ ಕಳಿಸುತ್ತಾರೆ. ಅಳೆಯಬಹುದಾದದ್ದನ್ನು ಅಳೆಯದೆ ಹೆದರುವುದನ್ನು ಎಚ್ಚರಿಕೆ ಎಂದು ಕರೆಯಬೇಡಿ.