ಕಾರಣ ಕೇಳುವ ಹಕ್ಕು

ಎಳೆಯ ಮಕ್ಕಳನ್ನು ಶಿಶುಪಾಲನಾ ಕೇಂದ್ರದಲ್ಲಿ ಬಿಟ್ಟು ದುಡಿಮೆಗೆ ಹೋಗುವ ತಂದೆತಾಯಿಗಳಿಗೆ, ಆ ಪಾಲನೆಯ ವೆಚ್ಚದಲ್ಲಿ ಬಹುಭಾಗವನ್ನು ಸರ್ಕಾರವೇ ಭರಿಸಿಕೊಡತಕ್ಕ ಒಂದು ಏರ್ಪಾಡು ನೆದರ್ಲೆಂಡ್ಸ್ ದೇಶದಲ್ಲಿ 2005ರಿಂದ ಜಾರಿಯಲ್ಲಿದೆ. ಭತ್ಯೆಯ ಹಣ ಮುಂಗಡವಾಗಿ ಬರುತ್ತದೆ. ವರ್ಷ ಕಳೆದಮೇಲೆ ಆದಾಯವನ್ನೂ ಮಗು ಕೇಂದ್ರದಲ್ಲಿದ್ದ ಗಂಟೆಗಳನ್ನೂ ಕೂಡಿ ಕಳೆದು ಲೆಕ್ಕ ತೀರಿಸಲಾಗುತ್ತದೆ. ದುಡಿಯುವ ತಾಯಿಯ ವಿಷಯದಲ್ಲಿ ಸಮಾಜಕ್ಕಿರಬೇಕಾದ ಅಕ್ಕರೆಯೇ ಕಾನೂನಿನ ರೂಪ ತಾಳಿ ಬಂದಂತೆ ತೋರುವ ಈ ಏರ್ಪಾಡಿನೊಳಗೇ 26,000ಕ್ಕೂ ಹೆಚ್ಚು ಮಂದಿ ಪೋಷಕರು ತಪ್ಪಾಗಿ ವಂಚಕರೆಂಬ ಹೆಸರನ್ನು ಹೊತ್ತು, ಸಾಲದಲ್ಲಿ ಮುಳುಗಿ, ಮನೆ ಮಾರಿ, ಸಂಸಾರ ಮುರಿದುಕೊಂಡು, ಕೊನೆಗೆ ಕೆಲವರು ಮಕ್ಕಳನ್ನೂ ಕಳೆದುಕೊಳ್ಳುವಂತಾಯಿತೆಂಬುದನ್ನು ಓದಿದಾಗ, ಯಂತ್ರಬುದ್ಧಿಯನ್ನು ಸರ್ಕಾರಗಳು ನಿಯಂತ್ರಿಸಬೇಕೆ ಬೇಡವೆ ಎಂಬ ಈಗಿನ ಚರ್ಚೆಯು ನನಗೆ ಬೇರೆಯೇ ಒಂದು ಬೆಳಕಿನಲ್ಲಿ ಕಾಣತೊಡಗಿತು.

ಆ ಅನರ್ಥಕ್ಕೆ ಹಿನ್ನೆಲೆಯಾಗಿ ಒಂದು ನಿಜವಾದ ವಂಚನೆ ಇತ್ತು. ಬಲ್ಗೇರಿಯ ದೇಶದಿಂದ ಜನರನ್ನು ಕರೆತಂದು, ಅವರ ಹೆಸರನ್ನು ನೆದರ್ಲೆಂಡ್ಸಿನ ವಿಳಾಸಗಳಲ್ಲಿ ದಾಖಲಿಸಿ, ಭತ್ಯೆಯ ಹಣವನ್ನು ಲಪಟಾಯಿಸುತ್ತಿದ್ದ ತಂಡಗಳ ಸುದ್ದಿ 2013ರಲ್ಲಿ ಹೊರಬಿದ್ದಾಗ ಆ ದೇಶದ ಸಂಸತ್ತಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ವಂಚಕರನ್ನು ಹಿಡಿಯಿರಿ ಎಂಬ ಕೂಗು ಎಲ್ಲ ಪಕ್ಷಗಳಿಂದಲೂ ಬಂದಿತು. ತೆರಿಗೆ ಇಲಾಖೆಯು ಆಗ ನೆಚ್ಚಿಕೊಂಡ ಸಾಧನಗಳಲ್ಲಿ ಒಂದು, ಹಳೆಯ ದಾಖಲೆಗಳಿಂದ ತಾನೇ ಕಲಿತುಕೊಂಡು ಪ್ರತಿಯೊಂದು ಅರ್ಜಿಗೂ ಅಪಾಯದ ಅಂಕವನ್ನು ನೀಡುವ ಅಲ್ಗಾರಿದಮ್. ಅರ್ಜಿದಾರನು ನೆದರ್ಲೆಂಡ್ಸಿನ ಪೌರನೋ ಅಲ್ಲವೋ ಎಂಬುದನ್ನೂ ಅದು ಎಣಿಕೆಗೆ ತೆಗೆದುಕೊಳ್ಳುತ್ತಿತ್ತು. ಹೆಚ್ಚು ಅಂಕ ಬಂದ ಅರ್ಜಿ ಅಧಿಕಾರಿಯೊಬ್ಬನ ಮೇಜಿಗೆ ಪರಿಶೀಲನೆಗಾಗಿ ಹೋಗುತ್ತಿತ್ತು. ಆದರೆ ಆ ಅಂಕ ಏಕೆ ಹೆಚ್ಚಾಯಿತೆಂಬುದನ್ನು ಯಂತ್ರವು ಆ ಅಧಿಕಾರಿಗೂ ತಿಳಿಸುತ್ತಿರಲಿಲ್ಲ. ಹೀಗೆ, ಏನನ್ನು ಹುಡುಕಬೇಕೆಂದು ಅರಿಯದ ಮನುಷ್ಯನು, ಏಕೆ ಹುಡುಕುತ್ತಿದ್ದಾರೆಂದು ಅರಿಯದ ಇನ್ನೊಬ್ಬ ಮನುಷ್ಯನನ್ನು ಪ್ರಶ್ನಿಸಲು ತೊಡಗಿದನು.

ಮುಂದಿನದು ಕಾನೂನಿನ ಕಾಠಿಣ್ಯದ ಕಥೆ. ಕಾಗದಪತ್ರಗಳಲ್ಲಿ ಒಂದು ರುಜು ತಪ್ಪಿದ್ದರೆ, ಪೋಷಕರು ತಮ್ಮ ಪಾಲಿನ ವೆಚ್ಚದಲ್ಲಿ ಸ್ವಲ್ಪ ಬಾಕಿ ಉಳಿಸಿಕೊಂಡಿದ್ದರೆ, ಆ ಸ್ವಲ್ಪವನ್ನು ಮಾತ್ರವಲ್ಲದೆ ವರ್ಷದ ಭತ್ಯೆಯೆಲ್ಲವನ್ನೂ ಹಿಂದಕ್ಕೆ ಕಟ್ಟಬೇಕೆಂದು ಇಲಾಖೆ ವಿಧಿಸುತ್ತಿತ್ತು. ಆ ದೇಶದ ಅತ್ಯುನ್ನತ ಆಡಳಿತ ನ್ಯಾಯಪೀಠವೂ 2019ರ ಅಕ್ಟೋಬರ್ ಪರ್ಯಂತ ಈ ವ್ಯಾಖ್ಯಾನವನ್ನೇ ಎತ್ತಿಹಿಡಿಯಿತು. ಹತ್ತಾರು ಸಾವಿರ ಯೂರೋಗಳನ್ನು ಒಮ್ಮೆಗೇ ಕಟ್ಟಲಾರದವರು ಕಂತುಗಳಿಗಾಗಿ ಬೇಡಿಕೊಂಡರೆ, ಬುದ್ಧಿಪೂರ್ವಕವಾಗಿ ತಪ್ಪೆಸಗಿದವರೆಂಬ ಮುದ್ರೆ ಒತ್ತಿಸಿಕೊಂಡವರಿಗೆ ಆ ಸೌಲಭ್ಯವೂ ಇಲ್ಲ. ಭತ್ಯೆ ನಿಂತೊಡನೆ ಶಿಶುಪಾಲನೆ ನಿಲ್ಲುವುದು, ಮಗುವನ್ನು ನೋಡಿಕೊಳ್ಳಲು ತಾಯಿ ಕೆಲಸ ಬಿಡುವುದು, ಸಂಬಳವಿಲ್ಲದೆ ಬಾಡಿಗೆ ತಪ್ಪುವುದು, ಬಾಡಿಗೆ ತಪ್ಪಿದಮೇಲೆ ಮನೆ ಹೋಗುವುದು, ಗಂಡಹೆಂಡಿರಲ್ಲಿ ವಿರಸ ಮೂಡುವುದು, ಹೀಗೆ ಒಂದರ ಬೆನ್ನಿಗೆ ಒಂದಾಗಿ ಕಷ್ಟಗಳು ಬಂದೆರಗಿದ ರೀತಿಯನ್ನು ಆ ತಾಯಂದಿರೇ ಅನಂತರ ಹೇಳಿಕೊಂಡಿದ್ದಾರೆ. ಈ ಕುಟುಂಬಗಳಿಂದ 1,000ಕ್ಕೂ ಹೆಚ್ಚು ಮಕ್ಕಳನ್ನು ಮಕ್ಕಳ ರಕ್ಷಣಾ ವ್ಯವಸ್ಥೆಯವರು ಮನೆಯಿಂದ ಬೇರ್ಪಡಿಸಿ ಬೇರೆಡೆ ಇರಿಸಿದ್ದರೆಂದು ಆ ದೇಶದ ಅಂಕಿಅಂಶ ಸಂಸ್ಥೆಯು 2021ರಲ್ಲಿ ತಿಳಿಸಿತು. ಮತ್ತೆ ಎಣಿಸಿದಾಗ ಆ ಸಂಖ್ಯೆ ಇನ್ನೂ ಏರಿತು. ಪ್ರತಿಯೊಂದು ಪ್ರಕರಣಕ್ಕೂ ಭತ್ಯೆಯ ವಸೂಲಿಯೇ ನೇರವಾದ ಕಾರಣವೆಂದು ಹೇಳಲಾಗದು. ಆದರೂ ಮಕ್ಕಳನ್ನು ಸಾಕಲೆಂದು ಕೊಟ್ಟ ಹಣದ ಲೆಕ್ಕವೇ ಮನೆಗಳನ್ನು ಆ ಸ್ಥಿತಿಗೆ ತಂದಿತೆಂಬುದನ್ನು ನೆನೆದಾಗ ಮನಸ್ಸು ಕಲಕುತ್ತದೆ.

ಸತ್ಯ ಹೊರಬರಲು ವರ್ಷಗಳೇ ಹಿಡಿದುವು. ಏವಾ ಗೊನ್ಸಾಲೆಸ್ ಪೆರೆಸ್ ಎಂಬ ವಕೀಲೆಯು ಪೋಷಕರ ಪರವಾಗಿ ಪಟ್ಟುಹಿಡಿದು ಹೋರಾಡಿದಳು. ಸಂಸತ್ತಿನಲ್ಲಿ ಆಳುವ ಕೂಟಕ್ಕೆ ಸೇರಿದ ಪೀಟರ್ ಓಮ್ಟ್ಸಿಖ್ಟ್, ವಿರೋಧಪಕ್ಷದ ರೆನ್ಸ್ಕೆ ಲೈಟನ್ ಇಬ್ಬರೂ ಪಕ್ಷಭೇದವನ್ನು ಮರೆತು ಇದೇ ವಿಷಯವಾಗಿ ಮತ್ತೆ ಮತ್ತೆ ಪ್ರಶ್ನೆ ಕೇಳಿದರು. ತಮ್ಮ ಮೇಲಿನ ಆಪಾದನೆಯಾದರೂ ಏನೆಂದು ತಿಳಿಯಲು ಪೋಷಕರು ತಮ್ಮ ಕಡತಗಳನ್ನು ಬೇಡಿದಾಗ ಕೈಗೆ ಬಂದವು ಸಾಲುಸಾಲಾಗಿ ಕಪ್ಪು ಬಳಿದ ಹಾಳೆಗಳು. 2020ರ ಡಿಸೆಂಬರಿನಲ್ಲಿ ಸಂಸದೀಯ ವಿಚಾರಣಾ ಸಮಿತಿಯು ‘ಕಂಡರಿಯದ ಅನ್ಯಾಯ’ ಎಂಬ ಅರ್ಥದ ಶಿರೋನಾಮೆಯಿಂದ ವರದಿಯನ್ನು ಒಪ್ಪಿಸಿತು. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆಯವರ ಮಂತ್ರಿಮಂಡಲವೆಲ್ಲವೂ ರಾಜೀನಾಮೆ ನೀಡಿತು. ತೆರಿಗೆ ಇಲಾಖೆಯಲ್ಲಿ ವ್ಯವಸ್ಥೆಯೊಳಗೇ ಬೇರೂರಿದ ಜನಾಂಗಭೇದವಿತ್ತೆಂದು 2022ರ ಮೇ ತಿಂಗಳಿನಲ್ಲಿ ಸರ್ಕಾರವೇ ಒಪ್ಪಿಕೊಂಡಿತು.

ಇಷ್ಟೆಲ್ಲವನ್ನೂ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಾಗದು. ಕಠಿಣವಾದ ಕಾನೂನನ್ನು ಬರೆದವರು ಮನುಷ್ಯರು. ವಂಚಕರನ್ನು ಹಿಡಿಯಿರೆಂದು ಕೂಗಿದವರು ಮನುಷ್ಯರು. ಬೇಡಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳುಹಿಸಿದವರೂ ಮನುಷ್ಯರೇ. ಹಾಗಿದ್ದರೆ ಯಂತ್ರವು ಹೊಸದಾಗಿ ತಂದದ್ದೇನು? ನನಗೆ ತೋರುವ ಮಟ್ಟಿಗೆ, ಹೊಣೆಯು ಯಾರ ಮೇಲೆಯೂ ನಿಲ್ಲದಂತೆ ಜಾರಿಹೋಗುವ ಒಂದು ಇಳಿಜಾರನ್ನು ಅದು ನಿರ್ಮಿಸಿತು. ಅಧಿಕಾರಿಯು ಅಂಕವನ್ನು ತೋರಿಸಬಲ್ಲ, ಅಂಕವು ಹಳೆಯ ದಾಖಲೆಗಳನ್ನು ತೋರಿಸಬಲ್ಲುದು, ದಾಖಲೆಗಳ ಹಿಂದೆ ಹಿಂದಿನ ಅಧಿಕಾರಿಗಳ ಅನುಮಾನಗಳಿರುತ್ತವೆ. ಆದರೆ ಎದುರಿಗೆ ನಿಂತ ತಾಯಿಗೆ ಇವಾವುವೂ ಕಾಣವು. ಯಾವ ಕಚೇರಿಯಲ್ಲಿಯೇ ಆಗಲಿ, ಒಬ್ಬ ಗುಮಾಸ್ತನು ಅರ್ಜಿಯನ್ನು ತಳ್ಳಿಹಾಕಿದರೆ, ಅವನು ಎಷ್ಟೇ ಒರಟನಾದರೂ, ಏತಕ್ಕೆ ಎಂದು ಅವನನ್ನು ಕೇಳಬಹುದಾಗಿತ್ತು. ಅವನು ತಪ್ಪು ಉತ್ತರವನ್ನೇ ಕೊಟ್ಟರೂ ಆ ತಪ್ಪನ್ನು ಹಿಡಿದುಕೊಂಡು ಮೇಲಧಿಕಾರಿಯ ಬಳಿಗೆ ಹೋಗಬಹುದಾಗಿತ್ತು. ಉತ್ತರವೇ ಇಲ್ಲದ ಕಡೆಯಲ್ಲಿ ಮೇಲ್ಮನವಿಗೆ ಆಧಾರವೆಲ್ಲಿಯದು? ಕಾರಣವನ್ನು ಕೇಳುವ ಹಕ್ಕು, ಕಾರಣವನ್ನು ಹೇಳಬೇಕಾದ ಹೊಣೆ, ಇವೆರಡೂ ಉಳಿದರೆ ಯಂತ್ರವನ್ನು ಬಳಸುವುದರಲ್ಲಿ ನನಗೆ ಯಾವ ಆಕ್ಷೇಪಣೆಯೂ ಇಲ್ಲ. ಇವೆರಡರಲ್ಲಿ ಒಂದು ಅಳಿದರೂ ಆ ಬಳಕೆ ಧರ್ಮಸಮ್ಮತವೆನಿಸದು.

ಆದುದರಿಂದ ನಿಯಂತ್ರಣ ಬೇಕೆಂಬ ಪಕ್ಷಕ್ಕೆ ನಾನು ನಿಸ್ಸಂದೇಹವಾಗಿ ಸೇರಿದವನು. ತಯಾರಕರ ಸದ್ಬುದ್ಧಿಗೇ ಇದನ್ನು ಬಿಟ್ಟುಬಿಡೋಣವೆನ್ನುವವರು ಇಂಗ್ಲೆಂಡಿನ ಹತ್ತಿಗಿರಣಿಗಳ ಇತಿಹಾಸವನ್ನು ನೋಡಬೇಕು. ಗಿರಣಿಗಳಲ್ಲಿ ದುಡಿಯುವ ಎಳೆಯ ಮಕ್ಕಳ ರಕ್ಷಣೆಗೆಂದು ಅಲ್ಲಿ 1802ರಲ್ಲಿಯೂ 1819ರಲ್ಲಿಯೂ ಕಾನೂನುಗಳಾದುವು. ಹೋಗಿ ನೋಡತಕ್ಕ ಸರ್ಕಾರಿ ಅಧಿಕಾರಿಯಿಲ್ಲದ ಕಾರಣ ಅವು ಕಾಗದದ ಮೇಲೆಯೇ ಉಳಿದುವು. 1833ರ ಕಾನೂನು ನಾಲ್ಕು ಮಂದಿ ತನಿಖಾಧಿಕಾರಿಗಳನ್ನು ನೇಮಿಸಿ, ಗಿರಣಿಯ ಬಾಗಿಲನ್ನು ದಾಟಿ ಒಳಗೆ ಹೋಗುವ ಅಧಿಕಾರವನ್ನು ಅವರಿಗೆ ಕೊಟ್ಟಿತು. ನಾಲ್ವರು ಎಷ್ಟರವರು ಎನ್ನಬಹುದು. ಆದರೆ ಒಳಗೆ ಕಂಡದ್ದನ್ನು ಅವರು ಬರೆದ ವರದಿಗಳೇ ಮುಂದಿನ ಸುಧಾರಣೆಗಳಿಗೆ ಆಧಾರವಾದುವು.

ಗಿರಣಿಯ ಮಾತಿಗೂ ನಮ್ಮ ಪ್ರಸಕ್ತ ವಿಷಯಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಗಿರಣಿ ಖಾಸಗಿಯವರದು, ತನಿಖೆ ಸರ್ಕಾರದ್ದು. ಇಲ್ಲಿ ಯಂತ್ರವನ್ನು ನಡೆಸಿದ್ದೂ ಸರ್ಕಾರವೇ, ಅದನ್ನು ಹತೋಟಿಯಲ್ಲಿಡಬೇಕಾಗಿದ್ದುದೂ ಸರ್ಕಾರವೇ. ಒಂದು ಬ್ಯಾಂಕು ಸಾಲ ನಿರಾಕರಿಸಿದರೆ ಕಷ್ಟವಾದರೂ ಇನ್ನೊಂದು ಬ್ಯಾಂಕಿನ ಮೆಟ್ಟಿಲು ಹತ್ತಬಹುದು. ತೆರಿಗೆ ಇಲಾಖೆ ವಂಚಕನೆಂದರೆ ಬೇರೊಂದು ತೆರಿಗೆ ಇಲಾಖೆಯನ್ನು ಎಲ್ಲಿಂದ ತರುವುದು? ನಿಯಂತ್ರಣದ ಕಾನೂನು ಯಾರನ್ನು ಮೊದಲು ಕಟ್ಟಬೇಕೆಂದು ಕೇಳಿದರೆ, ಅದನ್ನು ಬರೆಯುವ ಕೈಯನ್ನೇ ಮೊದಲು ಕಟ್ಟತಕ್ಕದ್ದು ಎಂದು ನಾನು ಹೇಳುತ್ತೇನೆ. ಮತ್ತು ಆ ಕಟ್ಟು ದಂಡದ ಹಣವೊಂದರಿಂದಲೇ ಆಗುವಂಥದಲ್ಲ. ನೆದರ್ಲೆಂಡ್ಸಿನ ದತ್ತಾಂಶ ರಕ್ಷಣಾ ಪ್ರಾಧಿಕಾರವು 2021ರ ಡಿಸೆಂಬರಿನಲ್ಲಿ ತೆರಿಗೆ ಇಲಾಖೆಗೆ 27.5 ಲಕ್ಷ ಯೂರೋ ದಂಡ ವಿಧಿಸಿತು. ವಂಚನೆಯ ಅನುಮಾನಿತರೆಂದು ಹೆಸರುಗಳನ್ನು ಕೂಡಿಹಾಕಿದ್ದ ಗುಪ್ತಪಟ್ಟಿಯೊಂದಕ್ಕಾಗಿ ಮರುವರ್ಷ 37 ಲಕ್ಷ ಯೂರೋ ದಂಡವನ್ನು ಮತ್ತೆ ವಿಧಿಸಿತು. ಆದರೆ ಆ ದಂಡವನ್ನು ತೆತ್ತದ್ದು ಯಾರ ಹಣದಿಂದ? ಅನ್ಯಾಯಕ್ಕೆ ಒಳಗಾದ ಆ ಪೋಷಕರ ತೆರಿಗೆಯೂ ಅದರಲ್ಲಿ ಸೇರಿತ್ತಲ್ಲವೆ? ಖಾಸಗಿ ಕಂಪೆನಿಗೆ ನಾಟುವ ಶಿಕ್ಷೆ ಸರ್ಕಾರದ ಇಲಾಖೆಗೆ ನಾಟದು. ಯಂತ್ರವನ್ನು ನಿಲ್ಲಿಸೆಂದು ಆಜ್ಞಾಪಿಸಬಲ್ಲ ನ್ಯಾಯಾಲಯ, ಕಡತವನ್ನು ತೆರೆದು ಓದಬಲ್ಲ ಸ್ವತಂತ್ರ ತನಿಖಾಧಿಕಾರಿ, ನಿರ್ಧಾರದ ಕೆಳಗೆ ಹೆಸರು ಬರೆದು ರುಜು ಹಾಕಬೇಕಾದ ಮನುಷ್ಯ, ಇವರಿದ್ದರೆ ಮಾತ್ರ ಇಲಾಖೆ ಎಚ್ಚರದಿಂದಿರುವುದು.

ಯೂರೋಪಿಯನ್ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾನೂನು 2024ರ ಆಗಸ್ಟ್ 1ರಂದು ಅಸ್ತಿತ್ವಕ್ಕೆ ಬಂದಿತು. ಕೆಲವು ಬಳಕೆಗಳ ಮೇಲಿನ ಪೂರ್ಣ ನಿಷೇಧವು 2025ರ ಫೆಬ್ರವರಿಯಿಂದ ಜಾರಿಯಾಯಿತು. ಮನುಷ್ಯರ ನಡತೆಗೆ ಅಂಕ ಕೊಟ್ಟು ಆ ಅಂಕದ ಮೇಲೆ ಅವರನ್ನು ಕೀಳಾಗಿ ನಡೆಸಿಕೊಳ್ಳುವುದನ್ನು ಅದು ನಿಷೇಧಿಸುತ್ತದೆ. ಸರ್ಕಾರಿ ಭತ್ಯೆಗಳಿಗೆ ಯಾರು ಅರ್ಹರೆಂಬುದನ್ನು ಎಣಿಸುವ ಯಂತ್ರಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿ, ಅವುಗಳನ್ನು ಬಳಸುವ ಸರ್ಕಾರಿ ಸಂಸ್ಥೆಗಳು ಪ್ರಜೆಗಳ ಮೂಲಭೂತ ಹಕ್ಕುಗಳ ಮೇಲಾಗುವ ಪರಿಣಾಮವನ್ನು ಮುಂಚಿತವಾಗಿಯೇ ಅಳೆಯಬೇಕೆಂದು ವಿಧಿಸುತ್ತದೆ. ಇಂಥ ಯಂತ್ರದ ಆಧಾರದ ಮೇಲೆ ತನ್ನ ಬಾಳನ್ನು ತಟ್ಟುವ ನಿರ್ಧಾರವಾದಾಗ ವಿವರಣೆಯನ್ನು ಕೇಳುವ ಹಕ್ಕನ್ನೂ ಮನುಷ್ಯನಿಗೆ ಕೊಡುತ್ತದೆ. ಈ ಕೊನೆಯ ಅಂಶವನ್ನು ಓದಿದಾಗ ನನಗೆ ಆ ಕಪ್ಪು ಬಳಿದ ಹಾಳೆಗಳು ನೆನಪಾದುವು, ಸಮಾಧಾನವೂ ಆಯಿತು. ಆದರೆ ಇದೇ ಕಾನೂನು ಕಂಪೆನಿಗಳಿಗೆ 3.5 ಕೋಟಿ ಯೂರೋ ಅಥವಾ ಜಗತ್ತಿನಾದ್ಯಂತದ ವಹಿವಾಟಿನ ಶೇಕಡ 7ರ ತನಕ ದಂಡವನ್ನು ನಿಗದಿಮಾಡಿ, ಸರ್ಕಾರಿ ಸಂಸ್ಥೆಗಳಿಗೆ ದಂಡ ಎಷ್ಟರಮಟ್ಟಿಗಿರಬೇಕೆಂಬುದನ್ನು ಮಾತ್ರ ಆಯಾ ದೇಶದ ಇಷ್ಟಕ್ಕೆ ಬಿಟ್ಟಿದೆ. ಪೊಲೀಸರು ಮತ್ತು ವಲಸೆ ಅಧಿಕಾರಿಗಳು ಬಳಸುವ ಯಂತ್ರಗಳ ವಿವರವನ್ನು ಸಾರ್ವಜನಿಕರು ನೋಡಲಾಗದ ಪಟ್ಟಿಯಲ್ಲಿರಿಸಿದೆ. ಎಲ್ಲಿ ಬೆಳಕು ಹೆಚ್ಚು ಬೇಕೋ ಅಲ್ಲಿಯೇ ತೆರೆ ಎಳೆದಂತಾಗಿದೆ ಎಂಬುದು ನನ್ನ ಅಭಿಪ್ರಾಯ.

ನಿಯಂತ್ರಣವು ಹೊಸ ಶೋಧನೆಗಳ ಕತ್ತು ಹಿಸುಕುತ್ತದೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಪೂರ್ಣವಾಗಿ ಪರೀಕ್ಷೆಯಾಗದ ಯಂತ್ರಬುದ್ಧಿಯನ್ನು ಜನರ ಬಳಕೆಗೆ ಬಿಡಲು ಸರ್ಕಾರದ ಸ್ಪಷ್ಟ ಅನುಮತಿ ಬೇಕೆಂದು 2024ರ ಮಾರ್ಚ್ 1ರಂದು ನಮ್ಮ ಕೇಂದ್ರ ಸರ್ಕಾರದ ಸಚಿವಾಲಯವೊಂದು ಸೂಚನೆ ಹೊರಡಿಸಿ, ಎರಡು ವಾರ ಕಳೆಯುವಷ್ಟರಲ್ಲಿ ಆ ಅಂಶವನ್ನು ಕೈಬಿಟ್ಟಿತು. ಹಾಗೆ ಕೈಬಿಟ್ಟುದು ಒಳ್ಳೆಯದೇ ಆಯಿತು. ಸಣ್ಣ ಕೊಠಡಿಯೊಂದರಲ್ಲಿ ಕುಳಿತು ಏನನ್ನೋ ಕಟ್ಟುತ್ತಿರುವ ತರುಣನು ದೆಹಲಿಯ ಮುದ್ರೆಗಾಗಿ ಕಾಯುವಂತಾಗಬಾರದು. ಅವನ ಯಂತ್ರವನ್ನು ಕೊಂಡು ಪಡಿತರ ಚೀಟಿಯ ಮೇಲೆ, ಪಿಂಚಣಿಯ ಮೇಲೆ, ಪೊಲೀಸ್ ಪಟ್ಟಿಯ ಮೇಲೆ ಅದನ್ನು ಪ್ರಯೋಗಿಸುವ ಅಧಿಕಾರಸ್ಥಾನವೇ ಅನುಮತಿಗೂ ತನಿಖೆಗೂ ಒಳಗಾಗತಕ್ಕದ್ದು.

ಈ ವಿಚಾರದಲ್ಲಿ ನಾವು ಕನ್ನಡಿಗರು ನೆನೆಯಬೇಕಾದ ಒಂದು ಹೆಸರಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಆ ವ್ಯಾಜ್ಯದಲ್ಲಿ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಏಕಕಂಠದಿಂದ, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಸರ್ಕಾರವು ಅದರೊಳಗೆ ಕೈಯಿಕ್ಕಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲನ್ನೂ ಆ ಪೀಠದ ನ್ಯಾಯಮೂರ್ತಿಗಳು ಮುಂದಿಟ್ಟರು. ಹೆಚ್ಚುಕಡಮೆ ಇಂಥ ಅಳತೆಗೋಲಿನಿಂದಲೇ ದಿ ಹೇಗ್ ನಗರದ ನ್ಯಾಯಾಲಯವು 2020ರ ಫೆಬ್ರವರಿ 5ರಂದು, ಸಹಾಯಧನದ ವಂಚಕರನ್ನು ಹುಡುಕಲು ನೆದರ್ಲೆಂಡ್ಸಿನ ಸರ್ಕಾರ ಹೂಡಿದ್ದ ಮತ್ತೊಂದು ಯಂತ್ರವನ್ನು, ಅದರ ಒಳಗನ್ನು ಯಾರೂ ಪರೀಕ್ಷಿಸಲಾಗದೆಂಬ ಕಾರಣದಿಂದ, ನಿಲ್ಲಿಸಿತು. ನಮ್ಮಲ್ಲಿ ಪುಟ್ಟಸ್ವಾಮಿಯವರ ವ್ಯಾಜ್ಯದ ತೀರ್ಪಿನ ಹಿಂದೆಯೇ ಬರಬೇಕಾಗಿದ್ದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನು 2023ರಲ್ಲಿ ಅಂಗೀಕಾರವಾಯಿತು. ಅದರ 17ನೆಯ ಪ್ರಕರಣವು, ಸರ್ಕಾರವು ತನ್ನ ಯಾವುದೇ ಅಂಗವನ್ನು, ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಉದ್ದೇಶಗಳಿಗಾಗಿ, ಆ ಕಾನೂನಿನಿಂದ ಹೊರಗಿಡಲು ಅವಕಾಶ ಕೊಟ್ಟಿದೆ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಆ ಕಾನೂನನ್ನು ಜಾರಿಗೆ ತರತಕ್ಕ ನಿಯಮಗಳು ಪ್ರಕಟವಾದದ್ದು ಮರುವರ್ಷದ ನವೆಂಬರಿನಲ್ಲಿ.